ತಮ್ಮನೂ ನಾನೂ ಆರಿಸಿದ ಪುಟ್ಟ ಕಂಪ್ಯೂಟರ್

ನನ್ನ ತಮ್ಮನಿಗೆ ಡಯಾಲಿಸಿಸ್ ಶುರುವಾದ ಮೇಲೆ ಬುಧವಾರವೂ ಶನಿವಾರವೂ ನಾನು ಹರಿಹರದಿಂದ ಬೆಳಗಿನ ಬಸ್ಸು ಹಿಡಿದು ದಾವಣಗೆರೆಗೆ ಹೋಗಿ ಅವನ ಹಾಸಿಗೆಯ ಪಕ್ಕ ಕೂತಿರುತ್ತಿದ್ದೆ. ಅವನ ಹೆಂಡತಿ ಒಂದು ಶಾಲೆಯಲ್ಲಿ ಬಿಸಿಯೂಟದ ಅಡುಗೆಗೆ ಹೋಗುವವಳು. ವಾರಕ್ಕೆ ಎರಡು ದಿನ ಅವಳು ಕೆಲಸ ತಪ್ಪಿಸುವುದು ಬೇಡವೆಂದು ಹಾಗೆ ಹೊಂದಿಸಿಕೊಂಡಿದ್ದೆವು. ನಾನು ಹರಿಹರದ ಕಾಲೇಜೊಂದರಲ್ಲಿ ಕಂಪ್ಯೂಟರ್ ಲ್ಯಾಬ್ ನೋಡಿಕೊಳ್ಳುತ್ತೇನೆ. ಬುಧವಾರ ನನ್ನ ಲ್ಯಾಬ್ ಇದ್ದದ್ದು ಮಧ್ಯಾಹ್ನ, ಶನಿವಾರ ಇರಲೇ ಇಲ್ಲ. ಅವನ ರಕ್ತ ಯಂತ್ರದೊಳಗೆ ಹೋಗಿ ಶುದ್ಧವಾಗಿ ಬರುವ ಆ ನಾಲ್ಕು ಗಂಟೆ ನಾವಿಬ್ಬರೂ ಮಾತಾಡುತ್ತಿದ್ದೆವು. ನನಗೆ ಮದುವೆಯಾಗಿ ಊರು ಬೇರೆಯಾದ ಮೇಲೆ ಅಷ್ಟು ಮಾತು ನಮ್ಮ ನಡುವೆ ನಡೆದೇ ಇರಲಿಲ್ಲ.

ತಮ್ಮ ಟೆಲಿಫೋನ್ ಕೆಲಸದವನು. ಕರೂರು ಕೈಗಾರಿಕಾ ಪ್ರದೇಶದ ಸಣ್ಣ ಫ್ಯಾಕ್ಟರಿಗಳು, ಊರೊಳಗಿನ ನರ್ಸಿಂಗ್ ಹೋಮುಗಳು, ಬಸ್ ಸ್ಟ್ಯಾಂಡಿನ ಸುತ್ತಲಿನ ಲಾಡ್ಜುಗಳು, ಎಲ್ಲೆಲ್ಲಿ ಇಂಟರ್‌ಕಾಮ್ ಇತ್ತೋ ಅಲ್ಲೆಲ್ಲ ಸ್ಕೂಟರಿನಲ್ಲಿ ತಂತಿಯ ಸುರುಳಿ ತೂಗುಹಾಕಿಕೊಂಡು ತಿರುಗಿದವನು. ತನಗೆ ಬಿಪಿ ಇದ್ದದ್ದು ಅವನಿಗೆ ಗೊತ್ತಿರಲಿಲ್ಲ. ಕಾಲು ಬಾತುಕೊಂಡಾಗ ಚಪ್ಪಲಿಯೇ ಬಿಗಿಯಾಯಿತೆಂದು ತಿಳಿದು ಹೊಸ ಜೋಡು ತಂದುಕೊಂಡಿದ್ದ. ಡಾಕ್ಟರ ಹತ್ತಿರ ಹೋಗುವ ಹೊತ್ತಿಗೆ ಎರಡು ಕಿಡ್ನಿಯೂ ಕೆಲಸ ಬಿಟ್ಟಿದ್ದವು.

ನನ್ನದೊಂದನ್ನು ಕೊಡುತ್ತೇನೆಂದು ನಾನು ಹೊರಟೆ. ರಕ್ತದ ಗುಂಪು ಹೊಂದಿಕೆಯಾಯಿತು, ಆದರೆ ನನ್ನ ಸಕ್ಕರೆ ಕಾಯಿಲೆ ಅಡ್ಡ ಬಂತು. ಅವನ ಹೆಂಡತಿಯದು ಗುಂಪೇ ಬೇರೆ. ಆಗುವುದಿಲ್ಲ ಎಂದು ಡಾಕ್ಟರು ಹೇಳಿದ ದಿನ ನಾನು ಅವನ ಮನೆಯ ಹಿಂದಿನ ಬಚ್ಚಲ ಕಟ್ಟೆಯ ಮೇಲೆ ಕೂತು ಅತ್ತೆ. ಅವನು ಬಂದು ಪಕ್ಕದಲ್ಲಿ ಕೂತ.

"ಅಳಬ್ಯಾಡ ಬಿಡಕ್ಕ. ಕಿಡ್ನಿಗೆ ಕಾಯೋರ ಪಟ್ಟಿಯಾಗ ಹೆಸರು ಬರೆಸೀವಿ. ಬಂದಾಗ ಬರ್ಲಿ."

"ಬರೋ ಹೊತ್ತಿಗೆ..." ಎಂದೆ.

"ಈ ಕೈ ಮುಟ್ಟಿ ನೋಡು" ಎಂದು ಎಡಗೈ ಮುಂದೆ ಚಾಚಿದ. ಡಯಾಲಿಸಿಸ್ ಸೂಜಿಗಾಗಿ ಮುಂಗೈಯಲ್ಲಿ ರಕ್ತನಾಳ ಎರಡನ್ನು ಸೇರಿಸಿ ಹೊಲಿದಿದ್ದರು. ಅಲ್ಲಿ ಬೆರಳಿಟ್ಟರೆ ಚರ್ಮದ ಕೆಳಗೆ ಸಣ್ಣಗೆ ಝುಮ್ಮೆನ್ನುತ್ತಿತ್ತು. "ಕಿವಿ ಇಟ್ಟು ಕೇಳು. ಡಯಲ್ ಟೋನ್ ಬರ್ತೈತೆ. ಲೈನ್ ಚೆನ್ನಾಗೈತೆ ಅಂತ ಅರ್ಥ."

ನಾನು ಕಿವಿ ಇಟ್ಟೆ. ನಿಜವಾಗಿಯೂ ಹಾಗೇ ಕೇಳಿಸಿತು. ಅಳುತ್ತಲೇ ನಕ್ಕುಬಿಟ್ಟೆ.

ಅವನು ಹೋಗುತ್ತಿದ್ದದ್ದು ಊರಿನ ಕೆಲವು ದಾನಿಗಳು ಸೇರಿ ನಡೆಸುವ ಸಣ್ಣ ಡಯಾಲಿಸಿಸ್ ಕೇಂದ್ರಕ್ಕೆ. ಹಾಸಿಗೆಗಳು ಕಡಿಮೆ, ಬರುವವರು ಹೆಚ್ಚು. ಸುತ್ತಲಿನ ಹಳ್ಳಿಗಳಿಂದ ಮೊದಲ ಬಸ್ಸಿಗೇ ಹೊರಟು ಬರುವವರೇ ಬಹಳ. ಒಂದು ಶನಿವಾರ ನಾವು ಹೋದಾಗ ಬಾಗಿಲಲ್ಲಿ ಜನ ನಿಂತಿದ್ದರು. ನೀರು ಶುದ್ಧ ಮಾಡುವ ಘಟಕ ಕೆಟ್ಟಿತ್ತು. ಆ ನೀರಿಲ್ಲದೆ ಯಾವ ಯಂತ್ರವನ್ನೂ ಶುರು ಮಾಡುವಂತಿಲ್ಲ. ಸಾರಥಿ ಎಂಬ ಹಳ್ಳಿಯಿಂದ ಬರುವ ಯಜಮಾನರೊಬ್ಬರು ಮೆಟ್ಟಿಲ ಮೇಲೆ ಕೂತು ಏದುಸಿರು ಬಿಡುತ್ತಿದ್ದರು. ಹರಿಹರದಲ್ಲಿ ಇಳಿದು ಬಸ್ಸು ಬದಲಾಯಿಸಿ ಬಂದವರು. ಮೈಯಲ್ಲಿ ನೀರು ತುಂಬಿ ಮುಖ ಊದಿಕೊಂಡಿತ್ತು.

"ಮತ್ತ ನಾಳೆ ಬರ್ಬೇಕೇನ್ರಿ ಸಿಸ್ಟರ್?" ಎಂದು ಕೇಳಿದರು.

ಅಲ್ಲಿನ ಹಿರಿಯ ನರ್ಸ್ ಅಂದು ಅಳುವಂತಿದ್ದರು. "ನಾನು ಐದು ಗಂಟೆಗೇ ಬಂದು ನೋಡ್ದೆ ಯಜಮಾನ್ರೆ. ಕೆಟ್ಟು ಕೂತೈತೆ. ಮೆಕ್ಯಾನಿಕ್ಕಿಗೆ ಫೋನ್ ಮಾಡ್ಲೋ, ಡಾಕ್ಟ್ರಿಗೆ ಮಾಡ್ಲೋ, ನಿಮ್ಗೆಲ್ಲ ಮಾಡ್ಲೋ? ಇರೋದು ನಾನೊಬ್ಬಳು. ಮೆಸೇಜ್ ಹಾಕಿದ್ರೆ ನೀವ್ಯಾರೂ ನೋಡಲ್ಲ."

ನೋಡುವುದಾದರೂ ಹೇಗೆ? ಮುಕ್ಕಾಲು ಪಾಲು ಜನರ ಕೈಯಲ್ಲಿದ್ದದ್ದು ಗುಂಡಿ ಒತ್ತುವ ಹಳೆಯ ಫೋನು. ಕೆಲವರಿಗೆ ಕಣ್ಣೂ ಮಂಜಾಗಿತ್ತು.

ಇಬ್ಬರೂ ಆಟೋದಲ್ಲಿ ಹಿಂದಿರುಗಿದೆವು. ಮನೆಯ ಹತ್ತಿರ ಇಳಿದ ಮೇಲೆ ತಮ್ಮ ನನ್ನ ಕಡೆ ತಿರುಗಿ ಹೇಳಿದ, "ಅಕ್ಕ, ನಿನ್ ಕಿಡ್ನಿ ಬ್ಯಾಡ. ನಿನ್ ಲಿನಕ್ಸ್ ಕೊಡು."

ಅವನ ಯೋಚನೆ ಸರಳವಾಗಿತ್ತು. ನಾನು ಲ್ಯಾಬಿನಲ್ಲಿ ಕಂಪ್ಯೂಟರುಗಳನ್ನು ನಡೆಸಲು ಬಳಸುವ ಲಿನಕ್ಸ್ ಹಾಕಿದ ಒಂದು ಕಂಪ್ಯೂಟರ್. ಅದರ ಮೇಲೆ ಪುಕ್ಕಟೆ ಸಿಗುವ ಟೆಲಿಫೋನ್ ಸಾಫ್ಟ್‌ವೇರ್. ಪಕ್ಕದಲ್ಲಿ ಸಿಮ್ ಹಾಕಿದರೆ ಕಂಪ್ಯೂಟರಿನ ಮಾತನ್ನು ಮೊಬೈಲ್ ಕರೆಯಾಗಿ ಕಳಿಸುವ ಡಬ್ಬಿ. ದಿನಾ ಸಂಜೆ ಅದು ಮರುದಿನದ ರೋಗಿಗಳಿಗೆಲ್ಲ ತಾನೇ ಫೋನ್ ಮಾಡಿ ನಾಳೆ ನಿಮ್ಮ ಸರದಿ ಎಂದು ಹೇಳಬೇಕು. ಬೆಳಿಗ್ಗೆ ಏನಾದರೂ ಕೆಟ್ಟರೆ ನರ್ಸ್ ಮೇಜಿನ ಫೋನಿನಲ್ಲಿ ಒಂದು ಗುಂಡಿ ಒತ್ತಿದರೆ ಸಾಕು, ಬರಬೇಡಿ ಎಂದು ಎಲ್ಲರಿಗೂ ಕರೆ ಹೋಗಬೇಕು. ಕೇಳಿಸಿಕೊಂಡವರು ತಮ್ಮ ಫೋನಿನಲ್ಲಿ ಒಂದನೇ ಅಂಕಿ ಒತ್ತಬೇಕು. ಒತ್ತದವರಿಗೆ ಮತ್ತೆ ಕರೆ. ಸಾಫ್ಟ್‌ವೇರ್ ನನ್ನ ಪಾಲಿನದು, ಲೈನು ಮತ್ತು ಧ್ವನಿ ಅವನ ಪಾಲಿನದು. ಕೇಂದ್ರದವರು ಆಗಲಿ ಎಂದರು, ಆದರೆ ಖರ್ಚಿಗೆ ಕೈ ಚಾಚಬೇಡಿ ಎಂದೂ ಹೇಳಿದರು.

ಉಳಿದದ್ದು ಯಾವ ಕಂಪ್ಯೂಟರ್ ಎಂಬ ಪ್ರಶ್ನೆ ಒಂದೇ. ಒಂದು ವಾರದಲ್ಲಿ ಮುಗಿಯುತ್ತದೆಂದು ನಾನು ತಿಳಿದಿದ್ದೆ. ಚಳಿಗಾಲದಲ್ಲಿ ಶುರುವಾದದ್ದು ಬಿಸಿಲು ಏರಿದ ಮೇಲೂ ಮುಗಿದಿರಲಿಲ್ಲ.

ಮೊದಲು ನನ್ನ ಮನೆಯ ಹಳೆಯ ಡೆಸ್ಕ್‌ಟಾಪನ್ನೇ ಹೊತ್ತುಕೊಂಡು ಹೋದೆ. ಕೇಂದ್ರದ ಜನರೇಟರ್ ಡಯಾಲಿಸಿಸ್ ಯಂತ್ರಗಳಿಗೆ ಮೀಸಲು. ಕೌಂಟರಿಗೆ ಇದ್ದದ್ದು ಒಂದು ಹಳೆಯ ಯುಪಿಎಸ್. ಕರೆಂಟ್ ಹೋದಾಗ ನನ್ನ ದೊಡ್ಡ ಪೆಟ್ಟಿಗೆ ಅದನ್ನು ಅರ್ಧ ಗಂಟೆಯೊಳಗೆ ಹೀರಿ ಮುಗಿಸಿತು. ಹಾಸಿಗೆಯ ಮೇಲೆ ಮಲಗಿದ್ದ ತಮ್ಮ ಅಲ್ಲಿಂದಲೇ ಯುಪಿಎಸ್ ಕೀರಲು ಧ್ವನಿಯಲ್ಲಿ ಕೂಗುವುದನ್ನು ಕೇಳುತ್ತಿದ್ದ.

"ಮಾತಿಗೆ ಎಷ್ಟು ಶಕ್ತಿ ಬೇಕಕ್ಕ? ಸಿನಿಮಾ ತೋರಿಸ್ತೀವೇನು? ನಾಕು ಕಾಲ್ ಒಟ್ಟಿಗೆ ಹೋದ್ರೆ ಸಾಕು. ಇದು ಕುದುರೆ ಕಟ್ಟಿ ಕಾಯಿಪಲ್ಯ ತಂದಂಗೈತೆ. ಸಣ್ಣದು ನೋಡಾನ."

ಎರಡನೆಯದು ನನ್ನ ಲ್ಯಾಬಿನಲ್ಲಿ ಹುಡುಗರು ಕಲಿಯಲು ಬಳಸುವಂಥದ್ದು, ಅಂಗೈಯಗಲದ ಹಲಗೆಯ ಮೇಲೆಯೇ ಇಡೀ ಕಂಪ್ಯೂಟರ್. ಮೊಬೈಲ್ ಚಾರ್ಜರ್ ಸಾಲುತ್ತಿತ್ತು. ನನಗೆ ಬಹಳ ಹಿಡಿಸಿತ್ತು. ಅವನ ಮನೆಯಲ್ಲಿ ಇಟ್ಟು ನೋಡಿದೆವು. ಕರೆಂಟ್ ಹೋಗಿ ಬಂದು ಹೋಗಿ ಬಂದು ಆಟವಾಡಿದ ಒಂದು ಮಧ್ಯಾಹ್ನ ಅದರ ಮೆಮರಿ ಕಾರ್ಡ್ ಕೆಟ್ಟುಹೋಯಿತು. ನಾನು ಹೊಸ ಕಾರ್ಡಿಗೆ ಎಲ್ಲವನ್ನೂ ಮತ್ತೆ ಹಾಕಿದೆ.

"ಇನ್ನೊಂದು ಕಾರ್ಡು ಸಿದ್ಧ ಮಾಡಿ ಇಟ್ಟಿರಾನ" ಎಂದೆ. "ಕೆಟ್ರೆ ಬದಲಾಯಿಸಿದ್ರಾತು."

"ಯಾರು ಬದಲಾಯಿಸೋರು?"

"ನೀನಿರ್ತೀಯಲ್ಲ."

ಅವನು ನನ್ನನ್ನೇ ನೋಡಿದ. "ನೀ ಹರಿಹರದಾಗಿರ್ತಿ. ಬೆಳಿಗ್ಗೆ ಐದಕ್ಕೆ ಸಿಸ್ಟರ್ ಒಬ್ರೇ ಇರ್ತಾರೆ. ಅವರು ಹೆಂಗೆ ಬದಲಾಯಿಸ್ತಾರೆ?"

ತಾನಿರುತ್ತೇನೆ ಎಂದು ಅವನು ಹೇಳಲಿಲ್ಲ. ಆಮೇಲೆ ಗಮನಿಸಿದೆ, ಯಾವ ಪೆಟ್ಟಿಗೆ ನೋಡಿದರೂ ಅವನು ಕೇಳುತ್ತಿದ್ದದ್ದು ಯಾರೂ ಕೈಹಾಕದಿದ್ದರೆ ಇದು ನಡೆಯುತ್ತದೆಯೇ ಎಂದು. ತಾನಿಲ್ಲದ ದಿನಗಳಿಗೆಂದೇ ಅವನು ಆರಿಸುತ್ತಿದ್ದ. ಅದು ನನಗೆ ಗೊತ್ತಾದದ್ದು ಅವನಿಗೂ ಗೊತ್ತಾಯಿತು.

ಮೂರನೆಯದನ್ನು ನನ್ನ ಗಂಡ ತರಿಸಿಕೊಟ್ಟರು. ಹೊಚ್ಚ ಹೊಸ ಮಿನಿ ಪಿಸಿ, ಟಿಫನ್ ಡಬ್ಬಿಯಷ್ಟು ದೊಡ್ಡದು, ನೋಡಲು ಚೆಂದ. ಒಳಗಿನ ಫ್ಯಾನ್ ಮಾತ್ರ ಸೊಳ್ಳೆಯ ಹಾಗೆ ಗುಂಯ್‌ಗುಡುತ್ತಿತ್ತು. ಅದೂ ಪರವಾಗಿರಲಿಲ್ಲ. ಆದರೆ ಕರೆಂಟ್ ಹೋಗಿ ಬಂದ ಮೇಲೆ ಅದು ತಾನಾಗಿ ಏಳುತ್ತಿರಲಿಲ್ಲ. ನಾನು ಒಳಗಿನ ಸೆಟ್ಟಿಂಗುಗಳನ್ನೆಲ್ಲ ಜಾಲಾಡಿದೆ. ಬೇಕಾದದ್ದು ಸಿಗಲಿಲ್ಲ.

ತಮ್ಮ ಒಪ್ಪಲಿಲ್ಲ. "ಕರೆಂಟ್ ಬಂದ್ಮ್ಯಾಲೆ ಯಾರಾದ್ರೂ ಬಂದು ಗುಂಡಿ ಒತ್ಬೇಕು ಅಂದ್ರೆ ಅದು ಎಕ್ಸ್‌ಚೇಂಜ್ ಅಲ್ಲಕ್ಕ. ಭಾವಂಗೆ ಬ್ಯಾಸರ ಮಾಡ್ಕೋಬ್ಯಾಡ ಅಂತ ಹೇಳು. ಹಿಂದಕ್ಕೆ ಕಳ್ಸು."

ಆ ದಿನಗಳಲ್ಲಿ ಅವನು ತೀರ ಸೊರಗಿದ್ದ. ಕುಡಿಯುವ ನೀರಿಗೆ ಅಳತೆ. ಬಾಯಿ ಒಣಗಿದರೆ ಒಂದು ಚೂರು ಐಸ್ ಬಾಯಲ್ಲಿಟ್ಟುಕೊಂಡು ಕಣ್ಣು ಮುಚ್ಚುತ್ತಿದ್ದ. ಅನ್ನ ಸೇರುತ್ತಿರಲಿಲ್ಲ. ಆದರೆ ಈ ಪೆಟ್ಟಿಗೆಯ ಮಾತು ಬಂದರೆ ಎದ್ದು ಕೂರುತ್ತಿದ್ದ. ಅವನ ಹೆಂಡತಿ ಒಮ್ಮೆ ನನ್ನನ್ನು ಅಡುಗೆಮನೆಗೆ ಕರೆದು, "ಅಕ್ಕ, ಲಗೂನ ಯಾವುದೂ ಆರಿಸ್ಬ್ಯಾಡ್ರಿ. ಹಿಂಗೇ ನಡೀತಾ ಇರ್ಲಿ" ಎಂದಳು. ನಾನು ತಲೆಯಾಡಿಸಿದೆ.

ಬಿಸಿಲು ಏರಿದ ಮೇಲೆ ಒಂದು ದಿನ ಅವನಿಗೆ ಫೋನ್ ಬಂತು. ಕರೂರಿನಲ್ಲಿ ಬಟ್ಟೆ ಹೊಲಿಯುವ ಯೂನಿಟ್ ನಡೆಸುತ್ತಿದ್ದ ಅವನ ಹಳೆಯ ಗಿರಾಕಿ. ಯೂನಿಟ್ ಮುಚ್ಚುತ್ತಿದ್ದೇನೆ, ಆಫೀಸಿನ ಸಣ್ಣ ಕಂಪ್ಯೂಟರುಗಳಿವೆ, ಬೇಕಾದರೆ ನೋಡಿ ಎಂದರು. ನಾನೇ ಹೋಗಿ ತರುತ್ತೇನೆಂದರೆ ಕೇಳಲಿಲ್ಲ. ಸ್ವೆಟರ್ ಹಾಕಿಕೊಂಡು, ಬಿಸಿಲಲ್ಲಿ, ಆಟೋದಲ್ಲಿ ನನ್ನ ಜೊತೆ ಬಂದ.

ಹೊಲಿಗೆ ಯಂತ್ರಗಳು ಆಗಲೇ ಹೋಗಿದ್ದವು. ಉದ್ದನೆಯ ಹಾಲಿನ ನೆಲದಲ್ಲಿ ಅವು ನಿಂತಿದ್ದ ಜಾಗಗಳು ಸಾಲಾಗಿ ಬೆಳ್ಳಗೆ ಕಾಣುತ್ತಿದ್ದವು, ಮೂಲೆಯಲ್ಲಿ ದಾರದ ಚೂರುಗಳ ರಾಶಿ. ಗೋಡೆಯ ಮೇಲೆ ಅವನೇ ಹಾಕಿದ್ದ ಇಂಟರ್‌ಕಾಮ್ ಫೋನುಗಳು ಮಾತ್ರ ಹಾಗೇ ಇದ್ದವು. ತಮ್ಮ ಒಂದರ ರಿಸೀವರ್ ಎತ್ತಿ ಕಿವಿಗಿಟ್ಟುಕೊಂಡ. ಮತ್ತೆ ಕೊಕ್ಕೆಗೆ ಸಿಕ್ಕಿಸಿದ.

"ಇಲ್ಲಿ ಕೆಲ್ಸ ಮಾಡ್ತಿದ್ದ ಹೆಣ್ಮಕ್ಳೆಲ್ಲ ಎಲ್ಲಿಗೆ ಹೋದ್ರು ಸಾವ್ಕಾರ್ರೆ?" ಎಂದು ಕೇಳಿದ.

"ಒಬ್ಬೊಬ್ರು ಒಂದೊಂದು ಕಡೆ" ಎಂದರು ಅವರು. ಅವರ ಮುಖವೂ ಬಾಡಿತ್ತು. "ನಿನ್ನ ಆರೋಗ್ಯ ಹೆಂಗೈತಪ್ಪ?"

"ನಡೀತೈತ್ರಿ."

ಕಂಪ್ಯೂಟರುಗಳನ್ನು ಮೇಜಿನ ಮೇಲೆ ಒಂದರ ಮೇಲೊಂದು ಪೇರಿಸಿದ್ದರು. ದಪ್ಪ ಪುಸ್ತಕದಷ್ಟೇ ಗಾತ್ರ, ಕಬ್ಬಿಣದ ಮೈ, ಮೇಲೆ ಧೂಳಿನ ಜೊತೆ ಹತ್ತಿಯ ಎಳೆಗಳು. ತಮ್ಮ ಕುರ್ಚಿ ಎಳೆದುಕೊಂಡು ಕೂತು ಒಂದೊಂದನ್ನೇ ನನ್ನಿಂದ ಚಾಲು ಮಾಡಿಸಿದ. ಪ್ಲಗ್ಗಿಗೆ ಸಿಕ್ಕಿಸಿ ವ್ಯಾಟ್ ಅಳೆಯುವ ಮೀಟರನ್ನೂ, ನಮ್ಮ ಸಾಫ್ಟ್‌ವೇರ್ ತುಂಬಿದ ಪೆನ್‌ಡ್ರೈವನ್ನೂ ನಾನು ಲ್ಯಾಬಿನಿಂದ ತಂದಿದ್ದೆ. ಅವನು ಅಡಾಪ್ಟರುಗಳನ್ನು ಮೂಸಿ ನೋಡಿದ. ಸುಟ್ಟ ವಾಸನೆ ಬಂದದ್ದನ್ನು ಪಕ್ಕಕ್ಕಿಟ್ಟ. ಫ್ಯಾನಿನ ಸದ್ದಿಗೆ ಕಿವಿ ಕೊಟ್ಟ. ಮೀಟರಿನ ಅಂಕಿ ನಾನು ಓದಿ ಹೇಳುತ್ತಿದ್ದೆ.

"ಸುಮ್ನೆ ಕೂತಾಗ ಒಂಬತ್ತು" ಎಂದೆ. "ನಾಕು ಕಾಲ್ ಒಟ್ಟಿಗೆ ಬಿಟ್ರೂ ಹನ್ನೆರಡು ದಾಟ್ತಿಲ್ಲ."

"ಈಗ ಪ್ಲಗ್ ಕೀಳು. ಮತ್ತೆ ಹಾಕು."

ಕಿತ್ತು ಹಾಕಿದೆ. ಸೆಟ್ಟಿಂಗ್ ಮೊದಲೇ ಬದಲಾಯಿಸಿದ್ದೆ. ಯಾರೂ ಮುಟ್ಟದೆ ಅದರ ಮುಂದಿನ ಸಣ್ಣ ದೀಪ ಹತ್ತಿತು, ಒಳಗೆ ಮೆಲ್ಲಗೆ ಫ್ಯಾನ್ ತಿರುಗಿತು. ತಮ್ಮ ಮುಗುಳ್ನಕ್ಕ. ಆ ವರ್ಷ ಅವನು ಹಾಗೆ ನಕ್ಕದ್ದು ನಾನು ಕಂಡದ್ದು ಕಡಿಮೆ.

"ಇದೇ ಅಕ್ಕ" ಎಂದ.

ಸಾಹುಕಾರರು ದುಡ್ಡು ತೆಗೆದುಕೊಳ್ಳಲಿಲ್ಲ. ಕೆಟ್ಟರೆ ಇರಲಿ ಎಂದು ಅಂಥದ್ದೇ ಇನ್ನೊಂದನ್ನೂ ಕೊಟ್ಟರು. ನಾನು ಎರಡರೊಳಗೂ ಹೊಸ ಎಸ್‌ಎಸ್‌ಡಿ ಡಿಸ್ಕ್ ಹಾಕಿ ಲಿನಕ್ಸ್ ಕೂರಿಸಿದೆ.

ಬುಧವಾರ, ಶನಿವಾರಗಳು ಈಗ ಪರೀಕ್ಷೆಯ ದಿನಗಳಾದವು. ಕೌಂಟರಿನ ಕೆಳಗಿನ ಗೂಡಿನಲ್ಲಿ ಪೆಟ್ಟಿಗೆ, ಎಡಗೈ ಯಂತ್ರಕ್ಕೆ ಒಪ್ಪಿಸಿ ಮಲಗಿದ ತಮ್ಮನ ಬಲಗೈಯಲ್ಲಿ ಫೋನು. ನಾನು ಕೌಂಟರಿನಿಂದ ಮಾತಾಡಬೇಕು, ಅವನು ಕೇಳಬೇಕು. ಧ್ವನಿ ಕಡಿಯುತ್ತದೆಯೇ, ಮಾರ್ದನಿ ಬರುತ್ತದೆಯೇ ಎಂಬುದಕ್ಕೆ ಅವನು ಯಾವ ಸಾಫ್ಟ್‌ವೇರನ್ನೂ ನಂಬುತ್ತಿರಲಿಲ್ಲ.

"ಮಗ್ಗಿ ಹೇಳು" ಎನ್ನುತ್ತಿದ್ದ. ನಾನು ಹದಿಮೂರರ ಮಗ್ಗಿ ಹೇಳುವಾಗ ಎಲ್ಲೋ ತಪ್ಪುತ್ತಿದ್ದೆ. "ಲೈನ್ ಸರಿಯೈತೆ, ನೀನೇ ಸರಿಯಿಲ್ಲ" ಎಂದು ನಗುತ್ತಿದ್ದ. ಪಕ್ಕದ ಹಾಸಿಗೆಗಳಲ್ಲಿದ್ದವರೂ ನಗುತ್ತಿದ್ದರು. ಸಾರಥಿಯ ಯಜಮಾನರಂತೂ, "ನನ್ ಫೋನಿಗೂ ಒಂದು ಹೊಡೀರಿ, ನೋಡಾನ" ಎಂದು ಕೇಳಿ ಕರೆ ತರಿಸಿಕೊಂಡು, ಅಷ್ಟು ಹತ್ತಿರದಿಂದ ಬಂದ ಕರೆಗೂ ಜೋರಾಗಿ "ಹಲೋ ಹಲೋ" ಎನ್ನುತ್ತಿದ್ದರು.

ಒಂದು ಮಧ್ಯಾಹ್ನ ಊಟದ ಹೊತ್ತಿಗೆ ತಮ್ಮನ ಫೋನು ರಿಂಗಾಗಿ, ನಾಳೆ ಬೆಳಿಗ್ಗೆ ಬನ್ನಿ ಎಂದು ಹೇಳಿತು. ನೋಡಿದರೆ ಪೆಟ್ಟಿಗೆಯ ಗಡಿಯಾರ ಎಷ್ಟೋ ವರ್ಷ ಹಿಂದಕ್ಕೆ ಹೋಗಿ ಕೂತಿತ್ತು. ಒಳಗಿನ ಗುಂಡಿಯಂಥ ಸಣ್ಣ ಬ್ಯಾಟರಿ ಸತ್ತಿತ್ತು, ಹಳೆಯ ಯಂತ್ರಕ್ಕೆ ಅದು ಸಹಜ. ಹೊಸದು ಹಾಕಿದೆ. ಬೇಸಿಗೆಯಲ್ಲಿ ಒಂದು ದಿನ ಎರಡು ಗಂಟೆಗೂ ಹೆಚ್ಚು ಹೊತ್ತು ಕರೆಂಟ್ ಹೋಯಿತು. ಯುಪಿಎಸ್ ಕೊನೆಯವರೆಗೂ ನಿಂತಿತು. ಆ ದಿನ ಪೆಟ್ಟಿಗೆಯನ್ನು ಒಪ್ಪಿಕೊಂಡೆವು.

ಕರೆಯಲ್ಲಿ ಯಾರ ಧ್ವನಿ ಇರಬೇಕೆಂದು ಮಾತು ಬಂದಾಗ ನಾನು ತಮ್ಮನದೇ ಇರಲಿ ಎಂದೆ. ಅವನು ಬೇಡವೆಂದ. ಜನ ನಂಬುವುದು ಸಿಸ್ಟರ್ ಮಾತನ್ನು, ಅವರದೇ ಇರಲಿ ಎಂದ. ಹಿರಿಯ ನರ್ಸ್ ನಾಚಿಕೊಂಡು, ಔಷಧಿಯ ಕೋಣೆಯ ಬಾಗಿಲು ಹಾಕಿಕೊಂಡು ನಾಲ್ಕು ವಾಕ್ಯ ರೆಕಾರ್ಡ್ ಮಾಡಿಕೊಟ್ಟರು.

ಕರೆಗಳು ಶುರುವಾದ ಕೆಲವೇ ದಿನಗಳಲ್ಲಿ ಒಂದು ಪೆಟ್ಟು ಬಿತ್ತು. ಮಧ್ಯಾಹ್ನದ ಸರದಿಗೆ ಬರುತ್ತಿದ್ದ ಹೆಂಗಸೊಬ್ಬರು ಊರಿನಲ್ಲಿ ತೀರಿಕೊಂಡರು. ಮನೆಯವರು ತಿಳಿಸುವ ಮೊದಲೇ ಸಂಜೆಯ ಕರೆ ಅವರ ಫೋನಿಗೆ ಹೋಗಿತ್ತು. ಆಮೇಲೆ ಅವರ ಮಗ ಕೇಂದ್ರಕ್ಕೆ ಬಂದಿದ್ದ. ಜಗಳವಾಡಲಿಲ್ಲ. "ಅಮ್ಮನ್ನ ಮನೆಯಾಗ ಇಟ್ಟಿದ್ವಿ ಸಿಸ್ಟರ್, ಆಗ ಬಂತು" ಎಂದಷ್ಟೇ ಹೇಳಿದ. ಅದನ್ನು ಕೇಳಿದ ತಮ್ಮ ಅಂದು ಊಟ ಮಾಡಲಿಲ್ಲ. ಸಂಜೆ ನನಗೆ ಫೋನ್ ಮಾಡಿ, ನರ್ಸ್ ಹೆಸರುಗಳನ್ನು ನೋಡಿ ಸರಿ ಎನ್ನದೆ ಒಂದು ಕರೆಯೂ ಹೊರಡದಂತೆ ಬದಲಾಯಿಸು ಎಂದ. ಕೂತು ಬದಲಾಯಿಸಿದೆ.

ಮಳೆ ಹಿಡಿದ ಮೇಲೆ ಒಂದು ಬುಧವಾರ, ನಾನು ಇನ್ನೂ ಬಸ್ಸಿನಲ್ಲಿರುವಾಗ ಅವನು ಫೋನ್ ಮಾಡಿದ.

"ಅಕ್ಕ, ಟೋನ್ ಇಲ್ಲ."

ಪೆಟ್ಟಿಗೆಯ ಮಾತೆಂದು ತಿಳಿದು, "ಸಿಮ್ ತೆಗೆದು ಹಾಕಿ ನೋಡು ಅಂತ ಸಿಸ್ಟರ್‌ಗೆ ಹೇಳು" ಎಂದೆ.

"ಅದಲ್ಲಕ್ಕ. ನನ್ ಕೈಯ್ದು."

ನಾನು ಹೋದಾಗ ನರ್ಸ್ ಅವನ ಮುಂಗೈ ಹಿಡಿದು ಸ್ಟೆತೊಸ್ಕೋಪ್ ಇಟ್ಟು ಇಟ್ಟು ನೋಡುತ್ತಿದ್ದರು. ಹಿಂದಿನ ಸಲ ಡಯಾಲಿಸಿಸ್ ನಡೆಯುವಾಗ ಬಿಪಿ ತೀರ ಇಳಿದಿತ್ತು. ರಕ್ತ ಹೆಪ್ಪುಗಟ್ಟಿ ಆ ನಾಳ ಮುಚ್ಚಿಹೋಗಿತ್ತು. ನಾನೂ ಬೆರಳಿಟ್ಟೆ. ಕೈ ಬೆಚ್ಚಗಿತ್ತು, ಒಳಗೆ ಏನೂ ಇರಲಿಲ್ಲ. ದೊಡ್ಡ ಆಸ್ಪತ್ರೆಗೆ ಕರೆದುಕೊಂಡು ಹೋದೆವು. ಅವರು ತೆರೆಯಲು ನೋಡಿದರು, ಆಗಲಿಲ್ಲ. ಇನ್ನೊಂದು ಕೈಯಲ್ಲಿ ನಾಳ ಸೇರಿಸುವವರೆಗೆ ಎಂದು ಕುತ್ತಿಗೆಯಲ್ಲಿ ನಳಿಕೆ ಹಾಕಿದರು. ಅದರ ಮೂಲಕ ಕೆಲವು ಸಲ ಡಯಾಲಿಸಿಸ್ ನಡೆಯಿತು. ಆಮೇಲೆ ಒಂದು ದಿನ ಯಂತ್ರಕ್ಕೆ ಹಾಕಿದ ತುಸು ಹೊತ್ತಿಗೇ ಚಳಿ ಬಂದು ಮಂಚ ಅಲ್ಲಾಡುವಷ್ಟು ನಡುಗಿದ. ರಕ್ತಕ್ಕೆ ಸೋಂಕು ತಗುಲಿದೆ ಎಂದರು.

ಐಸಿಯುನಲ್ಲಿ ಒಬ್ಬೊಬ್ಬರನ್ನೇ ಒಳಗೆ ಬಿಡುತ್ತಿದ್ದರು. ನಾನು ಹೋದಾಗ ಎಚ್ಚರವಾಗಿದ್ದ. ಕಂಪ್ಯೂಟರಿನ ಮಾತಾಡುತ್ತಾನೆಂದು ನಾನು ಎಣಿಸಿದ್ದೆ. ಅದರ ಸುದ್ದಿಯನ್ನೇ ಅವನು ಎತ್ತಲಿಲ್ಲ.

"ಅಕ್ಕ, ನೀರು ಕೊಡು. ಒಂದು ಲೋಟ. ತುಂಬಾ."

ನಾನು ಅಲ್ಲಿನ ನರ್ಸಿನ ಮುಖ ನೋಡಿದೆ. ಆಕೆ ಡಾಕ್ಟರನ್ನು ಕೇಳಿ ಬಂದು, ಎರಡು ಚಮಚ ಕೊಡಿ ಎಂದಳು. ಎರಡು ಚಮಚ ಹಾಕಿದೆ. ಅವನು ನುಂಗಿ ಬಾಯಿ ತೆರೆದೇ ಇಟ್ಟುಕೊಂಡ, ಇನ್ನೂ ಬರುತ್ತದೆಂದು ಕಾಯುವ ಹಾಗೆ. ಚಿಕ್ಕವನಿದ್ದಾಗ ಹಾಗೇ ಮಾಡುತ್ತಿದ್ದ. ನಾನು ಹತ್ತಿಯನ್ನು ಒದ್ದೆ ಮಾಡಿ ತುಟಿ ಒರೆಸಿದೆ. "ಸಂಜೆ ಕೊಡ್ತೀನಿ" ಎಂದೆ.

"ಹ್ಞೂಂ" ಎಂದ.

ಮರುದಿನ ಬೆಳಿಗ್ಗೆ ಹೋಗಿಬಿಟ್ಟ. ಅವನ ಹೆಂಡತಿ ಒಳಗಿದ್ದಳು. ನಾನು ಹೊರಗೆ ಬೆಂಚಿನ ಮೇಲೆ ಫ್ಲಾಸ್ಕ್ ಮುಚ್ಚಳ ತಿರುಗಿಸುತ್ತಾ ಕೂತಿದ್ದೆ.

ನಮ್ಮಲ್ಲಿ ಮಣ್ಣು ಮಾಡುವುದು ಪದ್ಧತಿ. ಹಣೆಗೆ ವಿಭೂತಿ ಹಚ್ಚಿ ಕೂರಿಸಿದ್ದರು. ಮುಖದ ಬಾವೆಲ್ಲ ಇಳಿದು ಮೊದಲಿನ ತಮ್ಮನ ಹಾಗೇ ಕಾಣುತ್ತಿದ್ದ. ಸಾರಥಿಯ ಯಜಮಾನರು ಬಂದಿದ್ದರು. ಅಂದು ಅವರ ಡಯಾಲಿಸಿಸ್ ಇರಲಿಲ್ಲ. ಇವನಿಗಾಗಿಯೇ ಬಸ್ಸು ಬದಲಾಯಿಸಿ ಬಂದಿದ್ದರು. ಬಹಳ ಹೊತ್ತು ನಿಲ್ಲಲಾರದೆ ಕಲ್ಲಿನ ಮೇಲೆ ಕೂತರು. ನನ್ನನ್ನು ಕರೆದು, "ನೀವು ಕೂಡ್ರಿ ತಾಯಿ" ಎಂದು ಪಕ್ಕದಲ್ಲಿ ಜಾಗ ಬಿಟ್ಟರು.

ಹರಿಹರಕ್ಕೆ ಬಂದ ಮೇಲೆ ನನಗೆ ಹೊಳೆಯ ಕಡೆ ಹೋಗಲಾಗಲಿಲ್ಲ. ತುಂಗಭದ್ರೆ ಆ ಸಲ ಎರಡು ದಡ ಮುಟ್ಟಿ ಹರಿಯುತ್ತಿದ್ದಳು. ಜನ ಸೇತುವೆಯ ಮೇಲೆ ನಿಂತು ನೋಡುತ್ತಿದ್ದರು. ನನ್ನ ಗಂಡ ಕರೆದರು, ನಾನು ಬರುವುದಿಲ್ಲವೆಂದೆ. ಊಟಕ್ಕೆ ಕೂತು ಲೋಟ ಎತ್ತಿದರೆ ಇವತ್ತಿಗೂ ಅರ್ಧ ಕುಡಿದು ಕೆಳಗಿಡುತ್ತೇನೆ. ಸಂಜೆ ಕೊಡುತ್ತೇನೆ ಎಂದಿದ್ದೆ. ಸಂಜೆ ನನ್ನನ್ನು ಒಳಗೆ ಬಿಟ್ಟಿರಲಿಲ್ಲ.

ಕೆಲವು ವಾರ ಬಿಟ್ಟು ಒಂದು ಶನಿವಾರ ಕೇಂದ್ರಕ್ಕೆ ಹೋದೆ. ಪೆಟ್ಟಿಗೆಯ ಧೂಳು ತೆಗೆಯಬೇಕಿತ್ತು. ನಿಜವಾದ ಕಾರಣ ಬೇರೆ ಇತ್ತು. ರೋಗಿಗಳ ಹೆಸರಿನ ನಡುವೆ ಅವನ ನಂಬರೂ ಇತ್ತು, ಅದನ್ನು ತೆಗೆಯುವ ಕೆಲಸ ನನ್ನದೇ ಎಂದು ಮನಸ್ಸು ಗಟ್ಟಿ ಮಾಡಿಕೊಂಡು ಹೋಗಿದ್ದೆ. ಪರದೆ ತೆರೆದು ನೋಡಿದರೆ ಅಲ್ಲಿ ಇರಲಿಲ್ಲ. ಹಿರಿಯ ನರ್ಸ್ ಹಿಂದೆ ಬಂದು ನಿಂತಿದ್ದರು.

"ಅವತ್ತೇ ತೆಗೆದೆ ಮೇಡಂ" ಎಂದರು. "ನೀವು ತೆಗೆಯೋದು ಬ್ಯಾಡ ಅನಿಸ್ತು."

ನಾನು ಅವರ ಕೈ ಹಿಡಿದುಕೊಂಡೆ. ಆಮೇಲೆ ಅವರು ಕಣ್ಣೊರೆಸಿಕೊಂಡು, ಆ ವಾರ ನಸುಕಿನಲ್ಲಿ ನೀರಿನ ಘಟಕದ ಮೋಟಾರ್ ಸುಟ್ಟಾಗ ಗುಂಡಿ ಒತ್ತಿದ್ದನ್ನೂ, ಒಬ್ಬರೂ ಸುಮ್ಮನೆ ಬಂದು ವಾಪಸು ಹೋಗಲಿಲ್ಲವೆಂಬುದನ್ನೂ ಹೇಳಿದರು. ಮತ್ತೆ ಅನುಮಾನಿಸುತ್ತಾ, "ಒಂದು ಹೊಸ ನಂಬರ್ ಹಾಕ್ಬೇಕಿತ್ತು. ಹಾಕ್ಕೊಡ್ತೀರಾ?" ಎಂದರು.

ಹದಡಿಯಿಂದ ಬಂದ ಹುಡುಗಿ. ಮದುವೆಯಾಗಿ ಬಹಳ ದಿನವಾಗಿರಲಿಕ್ಕಿಲ್ಲ. ಹೆರಿಗೆಯಲ್ಲಿ ತೊಂದರೆಯಾಗಿ ಕಿಡ್ನಿ ಹೋಗಿವೆಯಂತೆ. ಕಿಟಕಿಯ ಪಕ್ಕದ ಹಾಸಿಗೆಯ ಮೇಲೆ, ಬುಧವಾರ-ಶನಿವಾರದ ಸರದಿಯಲ್ಲಿ, ಸೂಜಿಗೆ ಹೆದರಿ ಮುಖ ಗೋಡೆಯ ಕಡೆ ತಿರುಗಿಸಿ ಮಲಗಿದ್ದಳು. ಅದು ನನ್ನ ತಮ್ಮನ ಹಾಸಿಗೆ. ಅವಳ ಗಂಡ ನಾನು ಕೂರುತ್ತಿದ್ದ ಸ್ಟೂಲಿನ ಮೇಲೆ ಕೂತಿದ್ದ.

ನಂಬರ್ ಕೇಳಿ ಹಾಕಿದೆ. ಸರಿಯಾಗಿದೆಯೋ ನೋಡಲು ಒಂದು ಕರೆ ಬಿಟ್ಟೆ. ಅವಳ ಕೈಯಲ್ಲಿದ್ದ ಫೋನು ರಿಂಗಾಯಿತು. ಬೆಚ್ಚಿ ಎತ್ತಿ ಕಿವಿಗಿಟ್ಟುಕೊಂಡಳು. ಕೇಳುತ್ತಾ ಕೇಳುತ್ತಾ ಎದುರಿಗೇ ನಿಂತಿದ್ದ ನರ್ಸಿನ ಕಡೆ ನೋಡಿದಳು.

"ನಿಮ್ದೇ ದನಿ ಐತಲ್ರಿ ಸಿಸ್ಟರ್!"

"ಒಂದು ಒತ್ತವ್ವ" ಎಂದರು ನರ್ಸ್.

ಒತ್ತಿದಳು. ಕೌಂಟರಿನ ಪರದೆಯ ಮೇಲೆ ಅವಳ ಹೆಸರಿನ ಮುಂದೆ ಗುರುತು ಬಿತ್ತು. ಗಂಡ ಎದ್ದು ಬಂದು ಗೂಡಿನೊಳಗೆ ಬಗ್ಗಿ ನೋಡಿದ.

"ಇಷ್ಟು ಸಣ್ದು ಎಲ್ರಿಗೂ ಫೋನ್ ಮಾಡ್ತೈತಾ? ಯಾರ್ರಿ ಮೇಡಂ ಇದನ್ನ ಮಾಡಿದ್ದು?"

"ನನ್ ತಮ್ಮನೂ ನಾನೂ."

"ಅವರು ಬಂದಿಲ್ಲೇನ್ರಿ ಇವತ್ತು?"

ಹಾಸಿಗೆಯಿಂದ ಆ ಹುಡುಗಿ ನಮ್ಮನ್ನೇ ನೋಡುತ್ತಿದ್ದಳು. ನರ್ಸ್ ಟ್ರೇ ಎತ್ತಿಕೊಂಡು ಆಚೆ ತಿರುಗಿದರು.

"ಇಲ್ಲಪ್ಪ. ಇವತ್ತು ಬಂದಿಲ್ಲ" ಎಂದೆ.

ಕೆಳಗೆ ಕೂತು, ಬ್ರಷ್ಷಿನಿಂದ ಪೆಟ್ಟಿಗೆಯ ಜಾಲರಿಯ ಧೂಳು ತೆಗೆದೆ. ಮತ್ತೆ ತಂತಿಗಳನ್ನೆಲ್ಲ ಒಳಕ್ಕೆ ಸರಿಸಿ, ಗೂಡಿನ ಬಾಗಿಲು ಹಾಕಿ, ಹರಿಹರದ ಬಸ್ಸಿಗೆ ಹೊರಟೆ.